196ನೆಯವನ ಜಾತಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್ ಎಂಬವನ ಕೆಲಸವನ್ನು ಹೇಳುವುದು ಸುಲಭ. ಚೆಂಡನ್ನು ಎದೆಗೆ ಅವಚಿಕೊಂಡು, ಎದುರಿಗೆ ಗೋಡೆಯಂತೆ ನಿಂತ ದೈತ್ಯರ ನಡುವೆ ಸಂದು ಹುಡುಕಿ ನುಗ್ಗಬೇಕು. ಓಟವೊಂದಕ್ಕೆ ಸರಾಸರಿ ನಾಲ್ಕು ಗಜಕ್ಕಿಂತ ತುಸು ಹೆಚ್ಚು ಸಿಕ್ಕರೆ ಅವನ ಕೂಲಿ ಹುಟ್ಟಿದಂತೆ. ಆ ನಾಲ್ಕು ಗಜವನ್ನು ಅವನು ಗಳಿಸಬಲ್ಲನೇ ಎಂದು ಮೊದಲೇ ತಿಳಿಯಲು ಎನ್‌ಎಫ್‌ಎಲ್ ಎಂಬ ಅಲ್ಲಿನ ವೃತ್ತಿಪರ ಲೀಗಿನ ಪಂಡಿತರು ಹಿಡಿದಿರುವ ಶಾಸ್ತ್ರೀಯ ಮಾರ್ಗವೆಂದರೆ, ಅವನನ್ನು ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸಿ, ಹೆಲ್ಮೆಟ್ಟು, ಭುಜದ ಕವಚ, ಚೆಂಡು ಮತ್ತು ಎದುರಾಳಿ ಎಂಬ ನಾಲ್ಕು ಅಡಚಣೆಗಳನ್ನೂ ನಿವಾರಿಸಿ, ಚಡ್ಡಿಯಲ್ಲಿ 40 ಗಜ ನೇರವಾಗಿ ಓಡಿಸಿ ನೋಡುವುದು.

ಓಟ ಮುಗಿದ ಮೇಲೆ, ಅಥವಾ ಅದಕ್ಕೂ ಮೊದಲೇ, ಅವನ ಅಂಗೈಯನ್ನು ಅಗಲಿಸಿ ಮೇಜಿನ ಮೇಲೆ ಇಡಿಸುತ್ತಾರೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಅಳತೆಯನ್ನು ಇಂಚಿನ ಎಂಟನೆಯ ಒಂದು ಭಾಗದಷ್ಟು ನಿಖರವಾಗಿ ಬರೆದುಕೊಳ್ಳುತ್ತಾರೆ. ನಾವು ಇದನ್ನು ಗೇಣು ಎನ್ನುತ್ತೇವೆ. ಮದುವೆಗೆ ಮುಂಚೆ ಗಣಕೂಟ ನೋಡುವ ನಮ್ಮ ಜೋಯಿಸರು ನಕ್ಷತ್ರ, ನಾಡಿ, ಯೋನಿ ಎಲ್ಲವನ್ನೂ ಕೇಳಿದ್ದಾರೆ. ಆದರೆ ವರನ ಗೇಣಿನ ತಂಟೆಗೆ ಅವರು ಇದುವರೆಗೆ ಹೋಗಿಲ್ಲವೆಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಕಾಲೇಜು ಆಟಗಾರರನ್ನು ತಂಡಗಳು ಸುತ್ತು ಸುತ್ತಾಗಿ, ಸರದಿಯ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ಕಲಾಪಕ್ಕೆ ಡ್ರಾಫ್ಟ್ ಎಂದು ಹೆಸರು. ಈ ಶಾಸ್ತ್ರದ ಗಟ್ಟಿತನಕ್ಕೆ 2022ರ ಡ್ರಾಫ್ಟ್ ಒಂದೇ ಸಾಕು. ನೋಟರ್ ಡೇಮ್ ವಿಶ್ವವಿದ್ಯಾಲಯದ ಕೈರನ್ ವಿಲಿಯಮ್ಸ್ 40 ಗಜಕ್ಕೆ 4.65 ಸೆಕೆಂಡು ತೆಗೆದುಕೊಂಡರು. ಐದನೆಯ ಸುತ್ತಿನವರೆಗೆ ಕಾದು 164ನೆಯವರಾಗಿ ಆಯ್ಕೆಯಾದರು. ರಟ್ಗರ್ಸ್ ವಿಶ್ವವಿದ್ಯಾಲಯದ ಐಸಾಯ ಪಚೆಕೊ ಅದನ್ನೇ 4.37 ಸೆಕೆಂಡಿನಲ್ಲಿ ಓಡಿದರು. ಅವರು ಏಳನೆಯ, ಅಂದರೆ ಕಟ್ಟಕಡೆಯ ಸುತ್ತಿನಲ್ಲಿ 251ನೆಯವರಾದರು. ನಿಧಾನದವನಿಗೆ ವೇಗವಿಲ್ಲ, ವೇಗದವನಿಗೆ ಮತ್ತೇನೋ ಇಲ್ಲ. ಜಾತಕ ಕೂಡಿಬರಬಾರದೆಂದು ಮೊದಲೇ ತೀರ್ಮಾನವಾಗಿದ್ದರೆ ದೋಷ ಹುಡುಕುವುದು ಯಾವ ಜೋಯಿಸನಿಗೂ ಕಷ್ಟವಲ್ಲ. ಮುಂದಿನ ವರ್ಷ ವಿಲಿಯಮ್ಸ್ ಹನ್ನೆರಡೇ ಪಂದ್ಯಗಳಲ್ಲಿ 1,144 ಗಜ ಓಡಿದಾಗ ಆ 4.65ರ ಮಾತನ್ನು ಎತ್ತುವುದು ಅಸಭ್ಯವೆನಿಸಿತು.

ನಿಜವಾದ ವಿನೋದ ಶುರುವಾಗುವುದು ಆಯ್ಕೆಯ ಸಂಖ್ಯೆ ಹಣೆಗೆ ಅಂಟಿದ ಮೇಲೆ. ಮೊದಲ ಸುತ್ತಿನಲ್ಲಿ ಬಂದವನು ಎರಡು ಗಜಕ್ಕೇ ಮುಗ್ಗರಿಸಿದರೆ ಅವನಿಗೆ ಕಾಲಾವಕಾಶ ಬೇಕು, ಮುಂದಿನ ಸಾಲಿನವರು ದಾರಿ ಮಾಡಿಕೊಡಲಿಲ್ಲ, ತರಬೇತುದಾರನನ್ನು ಬದಲಾಯಿಸಿ ನೋಡೋಣ ಎಂಬ ವಿವರಣೆಗಳು ಸಾಲುಗಟ್ಟಿ ಬರುತ್ತವೆ. ಆರನೆಯ ಸುತ್ತಿನವನು ಆಗಸ್ಟ್ ತಿಂಗಳ ಪೂರ್ವಸಿದ್ಧತಾ ಪಂದ್ಯದಲ್ಲಿ ಒಮ್ಮೆ ಚೆಂಡು ಕೈಬಿಟ್ಟರೆ, 'ಇದಕ್ಕೇ ತಾನೆ ಅವನು ಆರನೆಯ ಸುತ್ತಿಗೆ ಇಳಿದದ್ದು' ಎಂಬ ಒಂದೇ ವಾಕ್ಯದಲ್ಲಿ ವಿಚಾರಣೆ ಮುಗಿಯುತ್ತದೆ. ತಡವಾಗಿ ಬಂದವನೆಂದು ಅವಕಾಶ ಕೊಡುವುದಿಲ್ಲ. ಅವಕಾಶ ಸಿಗದೆ ಅವನು ಬೆಂಚು ಕಾದದ್ದನ್ನೇ ತೋರಿಸಿ ತಮ್ಮ ಭವಿಷ್ಯವಾಣಿ ಫಲಿಸಿತೆಂದು ಎದೆ ತಟ್ಟಿಕೊಳ್ಳುತ್ತಾರೆ.

2012ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ನಾಲ್ಕನೆಯ ಸ್ಥಾನದಿಂದ ಮೂರನೆಯ ಸ್ಥಾನಕ್ಕೆ, ಅಂದರೆ ಒಂದೇ ಒಂದು ಮೆಟ್ಟಿಲು ಏರಲು, ತನ್ನ ಆಯ್ಕೆಯ ಸರದಿಗಳಲ್ಲಿ ಮೂರನ್ನು ಹೆಚ್ಚುವರಿಯಾಗಿ ತೆತ್ತು ಟ್ರೆಂಟ್ ರಿಚರ್ಡ್‌ಸನ್ ಅವರನ್ನು ಪಡೆಯಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅವರನ್ನು ಇಂಡಿಯಾನಾಪೊಲಿಸ್ ತಂಡ ತನ್ನ ಮೊದಲ ಸುತ್ತಿನ ಆಯ್ಕೆಯನ್ನೇ ಕೊಟ್ಟು ಕೊಂಡಿತು. ಊರಿನಲ್ಲೇ ಸ್ಟಾಪ್‌ವಾಚು ಇಟ್ಟುಕೊಂಡವರು ಎಂಬ ನೆನಪಿರಲಿ. ರಿಚರ್ಡ್‌ಸನ್ ಆ ಲೀಗಿನಲ್ಲಿ ಒಟ್ಟು ಓಡಿದ್ದು ಮೂರು ಹಂಗಾಮು, 2,032 ಗಜ. ಅದೇ 2012ರಲ್ಲಿ 173ನೆಯವರಾಗಿ ವಾಷಿಂಗ್ಟನ್ ಸೇರಿ, ಹಳೆಯ ಮಜ್ದಾ ಕಾರಿನಲ್ಲಿ ಅಭ್ಯಾಸಕ್ಕೆ ಬಂದು ಹೋಗುತ್ತಿದ್ದ ಆಲ್ಫ್ರೆಡ್ ಮಾರಿಸ್ ಮೊದಲ ಹಂಗಾಮೊಂದರಲ್ಲೇ 1,613 ಗಜ ಓಡಿದರು.

ಇನ್ನು 1995ರ 196ನೆಯವರು, ಟೆರೆಲ್ ಡೇವಿಸ್. ಡೆನ್ವರ್ ತಂಡದಲ್ಲಿ ರನ್ನಿಂಗ್ ಬ್ಯಾಕ್‌ಗಳ ಸಾಲಿನ ತುದಿಯಲ್ಲಿ ನಿಂತಿದ್ದ ಅವರು ಟೋಕಿಯೊದ ಪೂರ್ವಸಿದ್ಧತಾ ಪಂದ್ಯಕ್ಕೆ ಹೋದಾಗ, ಇದು ತನ್ನಿಂದಾಗದು ಎಂದು ಮನೆಗೆ ಮರಳಲು ನಿಶ್ಚಯಿಸಿ ಹೋಟೆಲಿನ ಕೌಂಟರಿಗೆ ಫೋನು ಮಾಡಿದರು. ಅವರೇ ಹೇಳಿಕೊಂಡಿರುವಂತೆ, ಆ ಕಡೆಯವರಿಗೆ ಇವರ ಇಂಗ್ಲಿಷ್ ತಿಳಿಯಲಿಲ್ಲ. ವಿಮಾನದ ಟಿಕೆಟ್ ಆಗಲಿಲ್ಲವಾಗಿ ಉಳಿದುಕೊಂಡ ಡೇವಿಸ್ ಆ ಪಂದ್ಯದಲ್ಲಿ ಚೆಂಡು ಹಿಡಿದವನನ್ನು ಓಡಿ ಬಂದು ಕೆಡವಿದ ರಭಸ ತರಬೇತುದಾರರ ಕಣ್ಣಿಗೆ ಬಿತ್ತು. ಆ ವರ್ಷ ಅವರು 1,117 ಗಜ ಓಡಿದರು, 1998ರಲ್ಲಿ 2,008 ಗಜ, 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅಷ್ಟೊಂದು ಸ್ಕೌಟುಗಳು, ಟೇಪುಗಳು, ಗಡಿಯಾರಗಳು ಮಾಡಲಾಗದ ಆಯ್ಕೆಯನ್ನು ಮಾಡಿದವರು ಟೋಕಿಯೊದ ಒಬ್ಬ ಸ್ವಾಗತಕಾರರು. ಅವರಿಗೆ ಡೆನ್ವರ್ ತಂಡ ಇಂದಿಗೂ ಸಂಬಳ ಬಾಕಿ ಇಟ್ಟುಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಎದುರು ಪಕ್ಷದವರು, ಅಂದರೆ ತಡವಾಗಿ ಬಂದವರ ಅಭಿಮಾನಿಗಳು, ಜಾಣರೆಂದು ತಿಳಿಯಬೇಕಾಗಿಲ್ಲ. ತಡವಾಗಿ ಬಂದ ಹೊಸಬರಲ್ಲಿ ಹೆಚ್ಚಿನವರು ಆಗಸ್ಟ್ ಕೊನೆಯಲ್ಲಿ, 90 ಮಂದಿಯ ಪಟ್ಟಿ 53ಕ್ಕೆ ಇಳಿಯುವ ಹೊತ್ತಿಗೆ, ಚೀಲ ಕಟ್ಟುತ್ತಾರೆ. ಆದರೂ ಪ್ರತಿ ಆಗಸ್ಟಿನಲ್ಲಿ ಯಾವನೋ ಒಬ್ಬ ಏಳನೆಯ ಸುತ್ತಿನವನು, ಮುಂದಿನ ವಾರ ತಾವೇ ಕೆಲಸ ಕಳೆದುಕೊಳ್ಳಲಿರುವ ಎದುರಾಳಿಗಳ ನಡುವೆ ಇಪ್ಪತ್ತು ಗಜ ನುಗ್ಗಿದ ಕೂಡಲೇ ಅಭಿಮಾನಿಗಳಿಗೆ ಮತ್ತೊಬ್ಬ ಡೇವಿಸ್ ಹುಟ್ಟುತ್ತಾನೆ. ಅವನ ಹೆಸರಿನ ಜರ್ಸಿಯನ್ನು ಕೊಂಡವರು ಸೆಪ್ಟೆಂಬರಿನಲ್ಲಿ ಅದನ್ನು ಯಾವ ಕಪಾಟಿನಲ್ಲಿ ಬಚ್ಚಿಡುತ್ತಾರೋ ಕಾಣೆ.

ಪಚೆಕೊ ಮಾತ್ರ ಉಳಿದರು. ಕ್ಯಾನ್ಸಸ್ ಸಿಟಿ ಪರವಾಗಿ ಮೊದಲ ಹಂಗಾಮಿನಲ್ಲಿ 830 ಗಜ, 2023ರ ಫೆಬ್ರುವರಿಯ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ 76 ಗಜ ಮತ್ತು ಒಂದು ಟಚ್‌ಡೌನ್. ಮರುದಿನದಿಂದಲೇ ಆ ತಂಡದ ದೂರದೃಷ್ಟಿಯ ಗುಣಗಾನ ಆರಂಭವಾಯಿತು. ದೂರದೃಷ್ಟಿಯ ಆ ಮಂದಿ 2022ರಲ್ಲಿ ಪಚೆಕೊ ಹೆಸರನ್ನು ಕೂಗಿದ್ದು ತಮ್ಮ ಒಂಬತ್ತನೆಯ ಸರದಿಯಲ್ಲಿ, ಬೇರೆ ಎಂಟು ಮಂದಿಯನ್ನು ಕರೆದು ಕೂರಿಸಿಕೊಂಡ ಮೇಲೆ.