ಒಂದು ತುಂಡು ರುಚಿ ನೋಡ್ತೀನಿ, ಇರು

ಗಂಡನ ಜೊತೆ ಕಾಲ್ನಡಿಗೆಯಲ್ಲಿ ಪರದೇಶದ ಊರು ಸುತ್ತುವ ಆಸೆ ಇದ್ದವರು ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ. ಆ ಊರಲ್ಲಿ ಬಿಟ್ಟಿ ತಿಂಡಿ ಹಂಚುತ್ತಾರಾ? ಹೌದು ಅಂದರೆ ಬಸ್ಸಿಂದ ಇಳಿಯಲೇಬೇಡಿ.

ನಾವು ಹೋಗಿದ್ದು ಟರ್ಕಿಯ ಸಫ್ರಾನ್‌ಬೊಲುಗೆ, ಅದೂ ಜನವರಿಯಲ್ಲಿ. ಅಲ್ಲಿನ ಆಟೊಮನ್ ಕಾಲದ ಮರದ ಮನೆಗಳಿಂದಾಗಿ 1994ರಲ್ಲಿ ಊರು ಯುನೆಸ್ಕೊ ಪಟ್ಟಿಗೆ ಸೇರಿದೆ. ಬಿಳಿ ಗೋಡೆ, ಕಂದು ಕಿಟಕಿ, ಓಣಿಯ ಮೇಲಕ್ಕೆ ಚಾಚಿದ ಮಹಡಿ. ಫೋಟೋದಲ್ಲಿ ಎಷ್ಟು ಚೆಂದ! ಆ ಓಣಿಗಳಿಗೆ ಹಾಸಿರುವ ಉರುಟು ಕಲ್ಲುಗಳ ಮೇಲೆ ರಾತ್ರಿಯ ಹಿಮ ಗಟ್ಟಿಯಾದ ಮೇಲೆ ನಡೆಯುವುದು ಬೇರೆ ಕಥೆ. ಬೆಳಗ್ಗೆ 8 ಆದರೂ ಸರಿಯಾಗಿ ಬೆಳಕಿಲ್ಲ. ಗೋಡೆ ಹಿಡಿದು ನಡೆಯೋಣ ಅಂದರೆ ಗೋಡೆಯೂ ಕೊರೆಯುತ್ತೆ.

ನಡೆಯುವುದಾದರೂ ಎಲ್ಲಿ? ಈ ಊರಿನ ಹೆಸರುವಾಸಿ ಸರಕು ಕೇಸರಿ ಹಾಕಿದ ಲೊಕುಮ್. ಸಕ್ಕರೆ, ಪಿಷ್ಟ ಕಾಯಿಸಿ ಮಾಡಿದ ಮೆತ್ತನೆ ಮಿಠಾಯಿ. ಪೇಟೆಯಲ್ಲಿ ಅಂಗಡಿಯವರು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. "ಬುಯುರುನ್" ಅಂತ ಕರೆದದ್ದೇ ತಡ, ನಮ್ಮ ಯಜಮಾನರು "ಒಂದು ತುಂಡು ರುಚಿ ನೋಡ್ತೀನಿ, ಇರು" ಅಂತ ನಿಂತೇಬಿಟ್ಟರು. ಗಾಂಧಿಬಜಾರಲ್ಲಿ ಕಡಲೆಕಾಯಿ, ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳದೆ ಮುಂದೆ ಹೋದ ಮನುಷ್ಯ ಅಲ್ಲ ಇವರು. ಮೊದಲು ಬಲಗೈ ಗ್ಲೌಸ್ ಬಿಚ್ಚಬೇಕು. ಬಿಚ್ಚಿದ್ದನ್ನು ನನ್ನ ಕೈಗೆ ಕೊಡಬೇಕು. ಆಮೇಲೆ ಕಣ್ಣು ಮುಚ್ಚಿ ಅಗಿಯಬೇಕು. "ಇದರಲ್ಲಿ ಪಿಸ್ತಾ ಜಾಸ್ತಿ ಕಣೇ" ಅಂತ ವರದಿ ಒಪ್ಪಿಸಬೇಕು. ಬೆರಳಿನ ಸಕ್ಕರೆ ಪುಡಿಯನ್ನು ನನ್ನ ಶಾಲಿಗೆ ಒರೆಸಬೇಕು. ಕೊಳ್ಳೋದು ಮಾತ್ರ "ವಾಪಸ್ ಬರುವಾಗ". ಅಷ್ಟು ಹೊತ್ತೂ ನಾನು ಇಳಿಜಾರಲ್ಲಿ ಕಾಲು ಊರಿಕೊಂಡು ನಡುಗುತ್ತಾ ನಿಂತಿರಬೇಕು. ಮುಂದಿನ ಅಂಗಡಿ ಹತ್ತು ಹೆಜ್ಜೆ ದೂರ. ಅಲ್ಲಿ ಮತ್ತೆ ಗ್ಲೌಸು.

ಹಳೇ ವ್ಯಾಪಾರಿಗಳ ಛತ್ರ ಜಿಂಜಿ ಹಾನ್ ನೋಡಿ ವಾಪಸ್ ಬರುವಾಗ ಮಾನ ಹೋಯಿತು. ಹೇಜಲ್‌ನಟ್ ಲೊಕುಮ್ ಕೊಟ್ಟ ಅಂಗಡಿ ದೂರದಿಂದಲೇ ಕಂಡಿತು. "ಬರುವಾಗ ಅಂದ್ರಲ್ಲ, ಈಗ ತಗೊಳ್ಳಿ" ಅಂದೆ. ಇವರು ನಿಂತು, ಮಂಕಿ ಕ್ಯಾಪ್ ತೆಗೆದು ಜೇಬಿಗೆ ತುರುಕಿದರು. ಕೂದಲು ಸವರಿಕೊಂಡರು. "ಈಗ ಗುರುತು ಸಿಗಲ್ಲ" ಅಂತ ಹೊಸ ಗಿರಾಕಿಯ ಗತ್ತಲ್ಲಿ ತಟ್ಟೆಗೆ ಕೈ ಚಾಚಿದರು! ಅಂಗಡಿಯವನು ಇವರನ್ನು ನೋಡಿದ. ಇವರ ಹಿಂದೆ, ಅದೇ ಕೆಂಪು ಶಾಲು ಹೊದ್ದು ಅದೇ ಗ್ಲೌಸ್ ಹಿಡಿದಿದ್ದ ನನ್ನನ್ನೂ ನೋಡಿದ. ನಗುತ್ತಾ ಎರಡು ತುಂಡು ಕೊಟ್ಟ. ಮೇಲೆ ಒಂದು ಲೋಟ ಚಹಾ ಬೇರೆ. ನಾನು ತಿನ್ನಲಿಲ್ಲ. ಚಹಾ ಕುಡಿದೆ, ಸುಳ್ಳು ಹೇಳಲ್ಲ.

ಸಂಜೆ ಓಣಿಗಳಲ್ಲಿ ಸೌದೆ ಹೊಗೆಯ ವಾಸನೆ ಹರಡಿತ್ತು. ಹಿಂದೆ ಇಲ್ಲಿನವರಿಗೆ ಎರಡು ಮನೆ ಇರುತ್ತಿತ್ತಂತೆ. ಚಳಿಗಾಲಕ್ಕೆ ಕಣಿವೆಯ ಪೇಟೆ ಮನೆ, ಬೇಸಿಗೆಗೆ ಮೇಲಿನ ತೋಟದ ಮನೆ. ಗಾಳಿ ತಗ್ಗಿನೊಳಗೆ ಅಷ್ಟಾಗಿ ನುಗ್ಗುವುದಿಲ್ಲ, ಅದಕ್ಕೆ. ತೀರ್ಥಹಳ್ಳಿಯ ನಮ್ಮಜ್ಜಿ ನೆನಪಾದರು. ಅವರಿಗೆ ಇದ್ದದ್ದು ಒಂದೇ ಮನೆ. ಬಚ್ಚಲ ಒಲೆಗೆ ಬೆಂಕಿ ಹಾಕಿದರೆ ಇಡೀ ಮನೆಗೆ ಇದೇ ವಾಸನೆ. ಈಗ ಆ ಮನೆ ಬೇರೆಯವರದ್ದು, ಬಚ್ಚಲಲ್ಲಿ ಗೀಸರ್ ಹಾಕಿಸಿದ್ದಾರೆ. ಸ್ವಲ್ಪ ಹೊತ್ತು ಮಾತಾಡಬೇಕು ಅನ್ನಿಸಲಿಲ್ಲ. ಇವರೂ ಸುಮ್ಮನಿದ್ದರು. ಬಾಯಲ್ಲಿ ಲೊಕುಮ್ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಇಡೀ ಊರು ಕಾಣುವುದು ಹಿದಿರ್ಲಿಕ್ ಗುಡ್ಡದಿಂದ. ಏದುಸಿರು ಬಿಡುತ್ತಾ ಹತ್ತಿದೆವು. ಮೇಲೆ ಹೋದರೆ ಬರೀ ಮಂಜು. ಊರಿರಲಿ, ಪಕ್ಕದಲ್ಲಿ ನಿಂತ ಇವರ ಮುಖವೇ ಮಸುಕು. ಮಧ್ಯಾಹ್ನವೇ ಬಂದಿದ್ದರೆ ಕಾಣುತ್ತಿತ್ತು, ಅಲ್ವಾ? ಮಧ್ಯಾಹ್ನ ನಾವು ಎಲ್ಲಿದ್ದೆವು ಅಂತ ಕೇಳಬೇಡಿ.

"ನಾಳೆ ಮತ್ತೆ ಬರೋಣ ಬಿಡೇ" ಅಂದರು. "ಆ ಕಡೆ ರಸ್ತೆಯಿಂದ ಬರೋಣ. ಅಲ್ಲಿನ ಅಂಗಡಿಗಳು ಇನ್ನೂ ಆಗಿಲ್ಲ."