ಅಂಗಿಗೆ ರಕ್ಷಣೆ, ನಿಮ್ಮಿಂದ

ಬಟ್ಟೆಯ ಲೇಬಲ್ ಓದುವ ಅಭ್ಯಾಸ ನಮಗ್ಯಾರಿಗೂ ಇಲ್ಲ. ಕತ್ತಿಗೆ ಚುಚ್ಚುತ್ತದೆ ಅಂತ ಕತ್ತರಿಸಿ ಎಸೆಯುತ್ತೇವೆ. ಆದರೆ ‘ನ್ಯಾನೋ ಬೆಳ್ಳಿ ಲೇಪಿತ, ಬ್ಯಾಕ್ಟೀರಿಯಾ ನಿರೋಧಕ’ ಅಂಗಿ ಕೈಗೆ ಸಿಕ್ಕರೆ ದಯವಿಟ್ಟು ಒಮ್ಮೆ ಪೂರ್ತಿ ಓದಿ. ಮುಂದೆ ದಪ್ಪ ಅಕ್ಷರದಲ್ಲಿ ‘99.9% ಬ್ಯಾಕ್ಟೀರಿಯಾ ನಾಶ’ ಎಂದಿರುತ್ತದೆ. ಪಕ್ಕದಲ್ಲಿ ಹಸಿರು ಬಣ್ಣದ ಕೀಟಾಣು ಗುರಾಣಿಗೆ ಬಡಿದು ಅಳುತ್ತಿರುತ್ತದೆ. ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣದಾಗಿ, ಇನ್ನೊಂದು ಮಾತು ಇರುತ್ತದೆ: ಈ ಲೇಪನ ಬಟ್ಟೆಯನ್ನು ಕಾಪಾಡುತ್ತದೆ, ತೊಟ್ಟವರನ್ನು ರೋಗದಿಂದ ಕಾಪಾಡುವುದಿಲ್ಲ.

ದುಡ್ಡು ಕೊಟ್ಟವರು ನಾವು, ಅಂಗರಕ್ಷಕ ಅಂಗಿಗೆ. ಯಾರಿಂದ ರಕ್ಷಣೆ? ಇನ್ಯಾರಿಂದ, ನಮ್ಮ ಬೆವರಿನಿಂದಲೇ.

ಇದು ಕಂಪನಿಯವರ ವಿನಯ ಅಂದುಕೊಳ್ಳಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕಣ್ಣಲ್ಲಿ ಕೀಟಾಣು ಕೊಲ್ಲುವ ರಾಸಾಯನಿಕವೂ ಕೀಟನಾಶಕವೇ. ನಿಮ್ಮ ಕಾಲುಚೀಲವೂ ಜಿರಳೆ ಔಷಧಿಯೂ ಒಂದೇ ಕುಲ. ‘ತೊಟ್ಟವರಿಗೆ ಸೋಂಕು ತಗಲದು’ ಎಂದು ಹೇಳಬೇಕಾದರೆ ನೋಂದಣಿ ಮಾಡಿಸಬೇಕು, ಪುರಾವೆ ಒದಗಿಸಬೇಕು. ನೋಂದಾಯಿತ ಲೇಪನ ಹಚ್ಚಿ ‘ಬಟ್ಟೆ ಕೆಡದಂತೆ ಕಾಪಾಡುತ್ತದೆ’ ಎಂದಷ್ಟೇ ಹೇಳಿದರೆ ಬಟ್ಟೆಗೆ ಬೇರೆ ನೋಂದಣಿಯಿಂದ ವಿನಾಯಿತಿ. ಪುರಾವೆಗೆ ಖರ್ಚು ಜಾಸ್ತಿ, ಸಣ್ಣ ಅಕ್ಷರಕ್ಕೆ ಶಾಯಿಯೂ ಕಡಿಮೆ ಸಾಕು. ಹೀಗಾಗಿ ಕಾನೂನಿಗೆ ಉತ್ತರ ಹೇಳುವ ಕೆಲಸ ಅಕ್ಷರಕ್ಕೆ, ಗಿರಾಕಿಗೆ ಆಸೆ ಹುಟ್ಟಿಸುವ ಕೆಲಸ ಚಿತ್ರಕ್ಕೆ. ಬಿಳಿ ಕೋಟು ತೊಟ್ಟವರೊಬ್ಬರು ನಗುತ್ತಾ ನಿಂತರೆ ಸಾಕು, ಬಾಯಿ ಬಿಡಬೇಕಾಗಿಲ್ಲ.

ಇನ್ನು ಆ 99.9ರ ಕಥೆ. ಪ್ರಯೋಗಾಲಯದಲ್ಲಿ ಬಟ್ಟೆಯ ಸಣ್ಣ ತುಂಡಿನ ಮೇಲೆ ಲೆಕ್ಕ ಹಾಕಿದ ಬ್ಯಾಕ್ಟೀರಿಯಾ ಬಿಡುತ್ತಾರೆ. ತೇವ ಇಟ್ಟು, 37 ಡಿಗ್ರಿ ಬಿಸಿಯಲ್ಲಿ, 18ರಿಂದ 24 ಗಂಟೆ ಬಿಟ್ಟು ಎಣಿಸುತ್ತಾರೆ. ಬೆಳ್ಳಿ ಕೆಲಸ ಮಾಡುವುದು ಅದರ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ನೀರಿಗೆ ಇಳಿದಾಗ. ಅವು ಬ್ಯಾಕ್ಟೀರಿಯಾದ ಹೊರಪದರ ಹಾಳುಮಾಡಿ, ಒಳಗಿನ ಪ್ರೋಟೀನುಗಳಿಗೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಕಣ ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ, ಅಯಾನೂ ಜಾಸ್ತಿ. ಅದಕ್ಕೇ 100 ನ್ಯಾನೋಮೀಟರಿಗಿಂತ ಕಿರಿದಾದ ಕಣ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ವಿಜ್ಞಾನದಲ್ಲಿ ತಪ್ಪಿಲ್ಲ, ಒಪ್ಪೋಣ. ಆದರೆ ಬಸ್ಸಿನಲ್ಲಿ ಪಕ್ಕದವರು ಅಂಗಿಯ ಮೇಲೆ ಸೀನಿದಾಗ ‘ಸ್ವಾಮಿ, ಸ್ವಲ್ಪ ಒದ್ದೆಯಾಗಿಯೇ ಇರಲಿ, ನಾಳೆ ಇದೇ ಹೊತ್ತಿಗೆ ಎಣಿಸೋಣ’ ಎನ್ನಲು ಆಗುತ್ತದೆಯೇ?

ಉಳಿದ 0.1% ಕೂಡ ಕೈಕಟ್ಟಿ ಕೂರುವ ಜನ ಅಲ್ಲ. 10 ಲಕ್ಷದಲ್ಲಿ 999000 ಸತ್ತರೂ 1000 ಉಳಿಯುತ್ತವೆ. ಬೆಳ್ಳಿಯ ಕಾಟ ಇಲ್ಲದ, ಬೆಚ್ಚಗಿನ, ಊಟವಿರುವ ಜಾಗ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಹತ್ತು ಸಲ ಎರಡಾದರೆ ಮತ್ತೆ 10 ಲಕ್ಷ. ಮೂರು ಗಂಟೆ 20 ನಿಮಿಷದ ಮಾತು. ಅಂಥ ಜಾಗ ಎಲ್ಲಿದೆ ಅಂತೀರಾ? ಅಂಗಿಯ ಒಳಗೇ ಇದೆ, ಕಂಕುಳು. ಬೆವರಿಗೆ ಸ್ವಂತ ವಾಸನೆ ಇಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗ ಹುಟ್ಟುವುದು ವಾಸನೆ. ಕಳ್ಳ ಮನೆಯೊಳಗೇ ಇದ್ದಾನೆ, ಕಾವಲುಗಾರನನ್ನು ಗೇಟಿನ ಹೊರಗೆ ನಿಲ್ಲಿಸಿದ್ದೇವೆ.

ಸುಟ್ಟ ಗಾಯಕ್ಕೆ ಬೆಳ್ಳಿ ಬೆರೆಸಿದ ಪಟ್ಟಿ ಕಟ್ಟುತ್ತಾರೆ. ಅಲ್ಲಿ ಅದಕ್ಕೊಂದು ಅರ್ಥ ಇದೆ. ವಾರಾಂತ್ಯದಲ್ಲಿ ಅರ್ಧ ಗಂಟೆ ಓಡುವವನ ಬನಿಯನ್ನಿಗೆ ಅದೇ ಗೌರವ ಯಾಕೋ ಗೊತ್ತಾಗುವುದಿಲ್ಲ.

ಒಗೆಯುವ ವಿಷಯಕ್ಕೆ ಬಂದರೆ ಇನ್ನೂ ಮಜಾ. 2008ರಲ್ಲಿ ಅಮೆರಿಕದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳ್ಳಿ ಕಣಗಳಿದ್ದ ಕಾಲುಚೀಲಗಳನ್ನು ಬರೀ ಶುದ್ಧ ನೀರಿನಲ್ಲಿ ಅಲ್ಲಾಡಿಸಿ ನೋಡಿದರು. ಕೆಲವು ನಾಲ್ಕಾರು ಒಗೆತದಲ್ಲೇ ಬೆಳ್ಳಿಯ ಬಹುಪಾಲನ್ನು ನೀರಿಗೆ ಬಿಟ್ಟವು. ಕೆಲವು ಗಟ್ಟಿಯಾಗಿ ಹಿಡಿದುಕೊಂಡವು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲು ಗಿರಾಕಿಗೆ ದಾರಿಯೇ ಇಲ್ಲ. ಎರಡರ ಮೇಲೂ ಅದೇ ಗುರಾಣಿ, ಅದೇ ಅಳುವ ಕೀಟಾಣು. ಬೆಳ್ಳಿ ಉಳಿಯಬೇಕಾದರೆ ಆದಷ್ಟು ಕಡಿಮೆ ಒಗೆಯಬೇಕು. ಹೇಗೂ ‘ವಾಸನೆ ಬರುವುದಿಲ್ಲ, ಪದೇಪದೇ ಒಗೆಯಬೇಕಾಗಿಲ್ಲ’ ಎಂದೇ ಮಾರುತ್ತಾರೆ. ಸ್ವಚ್ಛತೆಗಾಗಿ ಕೊಂಡ ಬಟ್ಟೆಯನ್ನು ಸ್ವಚ್ಛ ಮಾಡದೆ ಇಟ್ಟುಕೊಳ್ಳುವುದು ಅದಕ್ಕೆ ತೋರುವ ಗೌರವ.

ನೀರಿಗೆ ಬಿದ್ದ ಬೆಳ್ಳಿ ಚರಂಡಿ ಹಿಡಿದು ಕೊಳಚೆ ನೀರು ಶುದ್ಧೀಕರಣ ಘಟಕ ಸೇರುತ್ತದೆ. ಅಲ್ಲಿ ನಮ್ಮ ಕೊಳೆ ತಿಂದು ನೀರು ತಿಳಿ ಮಾಡುವ ಕಾರ್ಮಿಕರು ಯಾರು ಅಂದ್ರೆ, ಬ್ಯಾಕ್ಟೀರಿಯಾ. ಸಂಬಳ ಇಲ್ಲ, ರಜೆ ಇಲ್ಲ, ಈಗ ಮೇಲಿಂದ ವಿಷ ಬೇರೆ. ಪುಣ್ಯಕ್ಕೆ ಹೆಚ್ಚಿನ ಬೆಳ್ಳಿ ಅವುಗಳ ತಂಟೆಗೆ ಹೋಗುವಷ್ಟು ಉಳಿಯುವುದಿಲ್ಲ. ಕೊಳಚೆಯಲ್ಲಿ ಗಂಧಕದ ಸಂಯುಕ್ತಗಳು ಬೇಕಾದಷ್ಟಿವೆ, ಕೊಳೆತ ಮೊಟ್ಟೆಯಂತೆ ನಾರುವ ಅನಿಲ ಹುಟ್ಟುವುದೂ ಇವುಗಳಿಂದಲೇ. ಬೆಳ್ಳಿ ಅವುಗಳ ಜೊತೆ ಸೇರಿ, ನೀರಿನಲ್ಲಿ ಹೆಚ್ಚು ಕರಗದ ಬೆಳ್ಳಿ ಸಲ್ಫೈಡ್ ಆಗಿ ಕೆಸರಿನಲ್ಲಿ ಕೂರುತ್ತದೆ. ವಾಸನೆ ಓಡಿಸಲು ಅಂಗಿಗೆ ಹಚ್ಚಿದ ಬೆಳ್ಳಿಯನ್ನು ಕೊನೆಗೂ ಸುಮ್ಮನಾಗಿಸುವುದು ನಾತದ ಬಳಗವೇ, ಅದೂ ಲೇಬಲ್ ಇಲ್ಲದೆ.