ಮಾವನವರ ಕೈಗುಣ

ಈಗಷ್ಟೇ ನನ್ನ ಕಣ್ಣೆದುರಿಗೇ ಒಬ್ಬ ಮದುಮಗ ಮಾಯವಾದ. ಲಗ್ನಪತ್ರಿಕೆಯಲ್ಲಿ ‘ಚಿ. ರಾ.’ ಇದೆ, ಪಕ್ಕದಲ್ಲಿ ‘ಬಿ.ಇ.’ ಇದೆ, ನಡುವೆ ಹುಡುಗನೇ ಇಲ್ಲ. ಹೀಗೇ ಪ್ರಿಂಟಿಗೆ ಹೋದರೆ ಹುಡುಗಿ ಡಿಗ್ರಿಗೇ ಹಾರ ಹಾಕಬೇಕು. (ಕೆಲವು ಮದುವೆಗಳಲ್ಲಿ ಆಗುವುದೂ ಅದೇ, ಬಿಡಿ.)

ನನ್ನ ಡಿಟಿಪಿ ಕಂಪ್ಯೂಟರ್ ಇರುವುದು ಮಹಡಿ ಮೇಲೆ. ಬೇಸಿಗೆ ಮಧ್ಯಾಹ್ನ ಅಲ್ಲಿ ಕೂರೋಕಾಗಲ್ಲ. ಹಾಗಾಗಿ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೇಲಿನದರ ಪರದೆಯನ್ನು ಇಲ್ಲೇ ತೋರಿಸುವ ರಿಮೋಟ್ ಡೆಸ್ಕ್‌ಟಾಪ್ ಹಾಕಿ, ಅದನ್ನು ಓಡಿಸುತ್ತೇನೆ. ಓಡಿಸುತ್ತೇನೆ ಅನ್ನುವುದು ದೊಡ್ಡ ಮಾತು. ಒಂದಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದರೆ ಏನೂ ಆಗದು. ಮತ್ತೆ ಒತ್ತು, ಮತ್ತೆ ಒತ್ತು. ಆಮೇಲೆ ಒತ್ತಿದ್ದೆಲ್ಲ ಒಟ್ಟಿಗೆ ಹೋಗಿ ಮುಟ್ಟಿ, ಮದುಮಗ ಇನಿಷಿಯಲ್ ಸಮೇತ ನಾಪತ್ತೆ.

‘ಅತ್ತಿಗೆ, ಇಂಟರ್‌ನೆಟ್ ಪ್ಲಾನ್ 300 ಎಂಬಿಪಿಎಸ್‌ಗೆ ಏರಿಸಿ’ ಅಂತ ಮೈದುನನ ಉಪದೇಶ. ಮಹಡಿಯಿಂದ ಹಾಲ್‌ಗೆ ಇಳಿಯುವ ಚಿತ್ರ ಮನೆಯ ಹೊಸ್ತಿಲೇ ದಾಟುವುದಿಲ್ಲ, ಪ್ಲಾನ್ ಏನು ಮಾಡೀತು? 1920×1080ರ ಪರದೆ ತುಂಬ ಒಂದು ಚಿತ್ರವೆಂದರೆ ಹಿಂಡದಿದ್ದರೆ (ಕಂಪ್ರೆಸ್ ಮಾಡದಿದ್ದರೆ) ಸುಮಾರು 62 ಲಕ್ಷ ಬೈಟ್. ಬದಲಾದಷ್ಟನ್ನೇ ಹಿಂಡಿ ಕಳಿಸಿದರೂ ಅದು ಮಹಡಿಯಿಂದ ರೂಟರ್‌ಗೆ, ರೂಟರ್‌ನಿಂದ ನನಗೆ, ಎರಡು ಸಲ ಅದೇ ವೈಫೈನಲ್ಲಿ ಹಾಯಬೇಕು. ರೂಟರ್ ಇರುವುದೆಲ್ಲಿ? ಫೈಬರ್ ಎಳೆಯಲು ಬಂದವರು ಅಡುಗೆಮನೆ ಕಿಟಕಿಯಲ್ಲಿ ತೂರಿಸಿ, ಫ್ರಿಜ್ ಮೇಲೆ ಕೂರಿಸಿ ಹೋದರು. ಪಕ್ಕದಲ್ಲೇ ಮೈಕ್ರೊವೇವ್ ಓವನ್. ನನ್ನ ಲ್ಯಾಪ್‌ಟಾಪ್‌ಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ವೈಫೈ ತರಂಗ ಒಂದೇ, ಓವನ್ ಕೂಡ ಹೆಚ್ಚುಕಮ್ಮಿ ಅಲ್ಲೇ ಕಿರುಚುವುದು.

ಆ ಓವನ್ನಿನ ಏಕೈಕ ಗಿರಾಕಿ ನಮ್ಮ ಮಾವ. ಒಂದು ಕಪ್ ಕಾಫಿ ಅವರಿಗೆ ಊಟದ ಹೊತ್ತಿನವರೆಗೂ ಬರುತ್ತದೆ. ಸ್ಟೀಲ್ ಲೋಟ ಓವನ್‌ಗೆ ಆಗದೆಂದು ಪಿಂಗಾಣಿ ಕಪ್ ಬೇರೆ ತರಿಸಿಕೊಂಡಿದ್ದಾರೆ. ಒಂದು ಗುಟುಕು, ಪೇಪರಿನ ನಿಧನವಾರ್ತೆ, ಯಾರದೋ ಫೋನು. ಅಷ್ಟರಲ್ಲಿ ಕಾಫಿ ತಣ್ಣಗೆ. ‘ಸ್ವಲ್ಪ ಬೆಚ್ಚಗೆ ಮಾಡ್ಕೊಳ್ಳಲೇನಮ್ಮಾ?’ ಎಂದು ಕೇಳುವುದು ಗುಂಡಿ ಒತ್ತಿದ ಮೇಲೆ. ನನ್ನ ಮೌಸಿನ ಬಾಣ ಪರದೆ ಮಧ್ಯೆ ಗಪ್‌ಚಿಪ್. ಓವನ್ ತಿರುಗುತ್ತಿರುವಾಗ ಮಾವ ಸುಮ್ಮನಿರದೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ‘ನಿಂತೋಯ್ತಾ?’ ಕನ್ನಡಕ ಏರಿಸಿ ಬಗ್ಗುತ್ತಾರೆ. ಲ್ಯಾಪ್‌ಟಾಪಿನ ತಲೆ ಎರಡು ಸಲ ತಟ್ಟುತ್ತಾರೆ. ಒಳಗೆ ಓವನ್ ‘ಟಿಂಗ್’ ಅನ್ನುತ್ತದೆ. ಬಾಣ ಓಡುತ್ತದೆ.

‘ನೋಡಿದ್ಯಾ? ಕೈ ಇಟ್ಟೆ, ಸರಿಹೋಯ್ತು.’

ಈ ಪವಾಡದ ಸುದ್ದಿ ವಾಕಿಂಗ್ ಗೆಳೆಯರಿಗೂ ತಲುಪಿದೆ.

ಅತ್ತೆ ಇದ್ದಾಗ ಮನೆಯಲ್ಲಿ ಓವನ್ ಇರಲಿಲ್ಲ. ಕಾಫಿ ಕೈಗಿಟ್ಟು, ‘ಕುಡಿದು ಲೋಟ ಕೊಡಿ, ತೊಳೀಬೇಕು’ ಅಂತ ಎದುರಿಗೇ ನಿಂತಿರುತ್ತಿದ್ದರು. ಆರುವುದಕ್ಕೆ ಪುರಸೊತ್ತೇ ಇರುತ್ತಿರಲಿಲ್ಲ. ಹಾಗಾಗಿ ನಾನೂ ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ. ಇವತ್ತು ಮದುಮಗ ಹೋದ ಸಿಟ್ಟಿಗೆ, ವೈಫೈ ಸಹವಾಸ ಬೇಡ, ಮಹಡಿಯಿಂದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸುತ್ತೇನೆ, ಗೋಡೆ ಕೊರೆಯಬೇಕು ಅಂದೆ.

ಮಾವ ಕಪ್ ಹಿಡಿದು ಅಡುಗೆಮನೆ ಕಡೆ ಹೊರಟವರು ತಿರುಗಿ ನೋಡಿದರು. ‘ಗೋಡೆ ಯಾಕಮ್ಮ ಕೊರೆಸ್ತೀಯಾ? ನಾನಿಲ್ವಾ?’